ಗಾಲಿಯೊಳಗಿನ ಗಾಳಿ

ಸ್ಕೂಟರು ಕೊಳ್ಳುವ ಮಾತು ಮನೆಯಲ್ಲಿ ಎದ್ದಿತೆಂದರೆ ಮೊದಲು ಬಣ್ಣದ ಚರ್ಚೆಯಾಗುತ್ತದೆ. ಬಳಿಕ ಲೀಟರು ಪೆಟ್ರೋಲಿಗೆ ಎಷ್ಟು ಕಿಲೋಮೀಟರು ಓಡೀತೆಂಬ ಲೆಕ್ಕಾಚಾರ. ಅದಾದ ಮೇಲೆ ಸೀಟಿನ ಕೆಳಗೆ ಪೇಟೆಯ ಚೀಲ ಹಿಡಿದೀತೆ ಎಂಬ ವಿಚಾರಣೆ. ಬಾಗಿ ಗಾಲಿಯನ್ನು ನೋಡುವವರು ನೂರಕ್ಕೊಬ್ಬರು ಸಿಕ್ಕಿದರೆ ಹೆಚ್ಚು. ಆದರೆ ಸವಾರನನ್ನೂ ಹಿಂದೆ ಕುಳಿತವರನ್ನೂ ಹೊತ್ತು ಓಡುವ ಈ ಯಂತ್ರ ಭೂಮಿಯನ್ನು ಮುಟ್ಟುವುದು ಎರಡೇ ಎಡೆಗಳಲ್ಲಿ. ಆ ಎರಡನ್ನೂ ಕೂಡಿಸಿದರೆ ಒಂದು ಅಂಗೈಯಷ್ಟು ಅಗಲವಾದೀತು. ಮನೆಯ ಜೀವಗಳು ನಿಂತಿರುವುದು ಆ ಅಂಗೈಯಗಲದ ರಬ್ಬರಿನ ಮೇಲೆ. ಆ ರಬ್ಬರು ನಿಂತಿರುವುದು ಅದರೊಳಗಿನ ಗಾಳಿಯ ಮೇಲೆ.

ಆ ಗಾಳಿಯನ್ನು ಹಿಡಿದಿಡಲು ಟಯರಿನೊಳಗೆ ಟ್ಯೂಬು ಬೇಕೇ, ಬೇಡವೇ ಎಂಬುದು ಈ ತಿಂಗಳ ನಮ್ಮ ವಿಷಯ. ಪ್ರಶ್ನೆ ಸಾಮಾನ್ಯವಾಗಿ ಎರಡು ಬಗೆಯ ಮನೆಗಳಿಂದ ಏಳುತ್ತದೆ. ಬದಿಯಡ್ಕದಿಂದಲೋ ಪೆರ್ಲದಿಂದಲೋ ಕಾಲೇಜಿಗೆ ಹೋಗಿಬರುವ ಮಗಳಿಗಾಗಿ ಯಾರೋ ಓಡಿಸಿ ಬಿಟ್ಟ ಸ್ಕೂಟರನ್ನು ಕೊಳ್ಳಹೊರಟ ಮನೆ ಒಂದು. ತಂದೆಯ ಕಾಲದ ಚೇತಕ್ ಇನ್ನೂ ಹಟ್ಟಿಯ ಬದಿಯಲ್ಲಿ ನಿಂತಿದ್ದು, “ಟ್ಯೂಬನ್ನು ಕಿತ್ತೆಸೆದು ಹೊಸ ಬಗೆಯ ಟಯರು ಹಾಕಿಸಿಬಿಡಿ” ಎಂದು ನೆಂಟರಿಷ್ಟರಿಂದ ಉಪದೇಶ ಕೇಳುತ್ತಿರುವ ಮನೆ ಇನ್ನೊಂದು. ಪ್ರಶ್ನೆ ಒಂದೇ ಆದರೂ ಈ ಎರಡು ಮನೆಗಳಿಗೆ ಕೊಡಬೇಕಾದ ಉತ್ತರ ಒಂದೇ ಅಲ್ಲ. ಏಕೆಂಬುದನ್ನು ತಿಳಿಯಬೇಕಾದರೆ ಟಯರಿನ ಒಳಹೊಕ್ಕು ನೋಡಬೇಕಾಗುತ್ತದೆ.

ಗಾಲಿಗೆ ಗಾಳಿ ತುಂಬುವ ಯೋಚನೆ ಬಹಳ ಹಿಂದಿನದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ 1845ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದ. ಆದರೆ ಆ ಕಾಲದಲ್ಲಿ ಅದನ್ನು ಬಯಸುವ ವಾಹನಗಳೇ ಇಲ್ಲದ ಕಾರಣ ಲೋಕ ಅದನ್ನು ಮರೆಯಿತು. ಮುಂದೆ ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕದಿರಲೆಂದು ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಗಾಲಿಗೆ ಸುತ್ತಿ, 1888ರಲ್ಲಿ ಪೇಟೆಂಟು ಪಡೆದ. ಅಂದಿನಿಂದ ಅನೇಕ ದಶಕಗಳ ಕಾಲ ನಡೆದುಬಂದ ಕ್ರಮ ಇದೇ: ಗಾಳಿಯನ್ನು ಹಿಡಿಯುವುದು ಒಳಗಿನ ಟ್ಯೂಬಿನ ಕೆಲಸ, ನೆಲದೊಡನೆ ಹೋರಾಡುವುದು ಹೊರಗಿನ ಟಯರಿನ ಕೆಲಸ.

ಈ ಎರಡು ಕೆಲಸಗಳನ್ನು ಒಂದಕ್ಕೇ ವಹಿಸಿದ್ದು ಟ್ಯೂಬ್‌ಲೆಸ್ ಟಯರು. ಅಮೆರಿಕದ ಗುಡ್‌ರಿಚ್ ಕಂಪೆನಿ 1940ರ ದಶಕದ ಕೊನೆಯಲ್ಲಿ ಅದನ್ನು ಹೊರತಂದಿತು. 1955ರ ಹೊತ್ತಿಗೆ ಆ ದೇಶದ ಹೊಸ ಕಾರುಗಳಲ್ಲಿ ಅದೇ ವಾಡಿಕೆಯಾಯಿತು. ಇದರ ಹಿಂದಿನ ಗುಟ್ಟು ರಬ್ಬರು ಬೆಳೆಯುವ ನಮ್ಮ ಕಡೆಯವರಿಗೆ ಕುತೂಹಲ ಹುಟ್ಟಿಸುವಂಥದು. ಮರದ ಹಾಲಿನಿಂದ ಬಂದ ರಬ್ಬರು ಬಲಶಾಲಿ. ಎಳೆತಕ್ಕೂ ಹರಿತಕ್ಕೂ ಅದು ತಡೆದು ನಿಲ್ಲುತ್ತದೆ. ಆದರೆ ಗಾಳಿಯನ್ನು ಬಹುಕಾಲ ಹಿಡಿದಿಡುವ ಗುಣ ಅದಕ್ಕೆ ಸಾಲದು. ಗಾಳಿ ಅದರ ಮೈಯಿಂದಲೇ ಮೆಲ್ಲಮೆಲ್ಲನೆ ಒಸರಿಹೋಗುತ್ತದೆ. ಪೆಟ್ರೋಲಿಯಮ್ಮಿನ ಅನಿಲಗಳಿಂದ ತಯಾರಾಗುವ ಬ್ಯುಟೈಲ್ ಎಂಬ ಕೃತಕ ರಬ್ಬರನ್ನು 1937ರಲ್ಲಿ ಕಂಡುಹಿಡಿದ ಮೇಲೆ ಈ ಕೊರತೆ ನೀಗಿತು. ಟ್ಯೂಬ್‌ಲೆಸ್ ಟಯರಿನ ಒಳಮೈಗೆ ಈ ಜಾತಿಯ ರಬ್ಬರಿನದೊಂದು ತೆಳುಪದರವನ್ನು ಅಂಟಿಸಿರುತ್ತಾರೆ. ಆ ಪದರವೇ ಟ್ಯೂಬು. ‘ಟ್ಯೂಬಿಲ್ಲದ ಟಯರು’ ಎಂಬುದಕ್ಕಿಂತ ‘ಟ್ಯೂಬು ಮೈಗೆ ಅಂಟಿದ ಟಯರು’ ಎಂದರೆ ಮಾತು ಸತ್ಯಕ್ಕೆ ಹೆಚ್ಚು ಹತ್ತಿರವಾದೀತು.

ಮೊಳೆ ಹೊಕ್ಕಾಗ ನಡೆಯುವುದೇನು?

ಇವೆರಡರ ಯೋಗ್ಯತೆಯ ಪರೀಕ್ಷೆ ನಡೆಯುವುದು ಮೊಳೆ ಹೊಕ್ಕ ಗಳಿಗೆಯಲ್ಲಿ. ಟ್ಯೂಬೆಂಬುದು ಬಿಗಿದು ಉಬ್ಬಿಸಿದ ತೆಳುವಾದ ಚೀಲ. ಅದಕ್ಕೆ ತೂತು ಬಿದ್ದರೆ ಗಾಳಿ ಟ್ಯೂಬಿಗೂ ಟಯರಿಗೂ ನಡುವಣ ಸಂದಿಗೆ ನುಗ್ಗುತ್ತದೆ. ಅಲ್ಲಿಂದ ವಾಲ್ವಿನ ತೂತಿನ ಮೂಲಕವೂ ರಿಮ್ಮಿನ ಅಂಚಿನಿಂದಲೂ ಹೊರಬೀಳುತ್ತದೆ. ಗಾಲಿ ತಿರುಗುತ್ತಿರುವಾಗ ಮೊಳೆ ಒಳಗೆ ಅಲ್ಲಾಡಿ, ತೂತು ಸೀಳಾಗುವುದೂ ಉಂಟು. ಹಾಗಾದರೆ ಕೆಲವೇ ಕ್ಷಣಗಳಲ್ಲಿ ಟಯರು ನೆಲಕ್ಕೆ ಕುಸಿಯುತ್ತದೆ. ಟ್ಯೂಬ್‌ಲೆಸ್ಸಿನ ಸ್ವಭಾವ ಬೇರೆ. ಅಲ್ಲಿ ಮೊಳೆ ಹೊಗುವುದು ದಪ್ಪ ರಬ್ಬರಿನ ಮೈಯೊಳಕ್ಕೆ. ಸುತ್ತಣ ರಬ್ಬರು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ; ಗಾಳಿ ಹೊರಡುವುದಿದ್ದರೆ ಮೊಳೆಯ ಬದಿಯಿಂದ ಮಾತ್ರ ನುಸುಳಿಕೊಂಡು ಹೊರಡಬೇಕು. ಅದಕ್ಕೆ ಎಷ್ಟೋ ಹೊತ್ತು ಬೇಕು. ಕೆಲವು ಸಲ ದಿನಗಳೇ ಹಿಡಿಯುತ್ತವೆ.

ಹತ್ತಿಪ್ಪತ್ತು ನಿಮಿಷಗಳ ಈ ಅಂತರ ಮೇಲುನೋಟಕ್ಕೆ ಅಲ್ಪವೆನಿಸಬಹುದು. ಆದರೆ ಸ್ಕೂಟರಿನ ಗಾಲಿ ಮೋಟಾರು ಸೈಕಲ್ಲಿನಂತೆ ದೊಡ್ಡದಲ್ಲ ಎಂಬುದನ್ನು ನೆನೆಯಬೇಕು. ಸಾಮಾನ್ಯವಾಗಿ ಹತ್ತು ಇಂಚಿನ ಇಲ್ಲವೆ ಹನ್ನೆರಡು ಇಂಚಿನ ರಿಮ್ಮಿನ ಮೇಲೆ ಓಡುವ ವಾಹನದಲ್ಲಿ ಒಂದು ಗಾಲಿಯ ಗಾಳಿ ಥಟ್ಟನೆ ಇಳಿದರೆ ಮೈಯೆಲ್ಲ ಓಲಾಡತೊಡಗುತ್ತದೆ. ಹಿಂದಿನ ಗಾಲಿಯಾದರೆ ಬಾಲ ಬೀಸಿದಂತೆ ಅತ್ತಿತ್ತ ಎಳೆಯುತ್ತದೆ. ಅನುಭವಿಯಾದ ಸವಾರ ಹೇಗೋ ತಡೆದು ನಿಲ್ಲಿಸಿಯಾನು. ಮುಂದಿನ ಗಾಲಿಯಾದರೆ ಹ್ಯಾಂಡಲೇ ಹೇಳಿದ ಮಾತು ಕೇಳುವುದಿಲ್ಲ. ಹಿಂದೆ ಲಾರಿ ಬರುತ್ತಿರುವ ಹೆದ್ದಾರಿಯಲ್ಲಿ ಇದು ಸಂಭವಿಸಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ನಮ್ಮ ಒಳನಾಡಿನ ರಸ್ತೆಗಳು ಗುಡ್ಡದ ಇಳುಕಲಿನಲ್ಲಿ, ಅಡಕೆ ತೋಟಗಳ ನಡುವೆ, ಮೈಲಿಗಟ್ಟಲೆ ಒಂದಂಗಡಿಯೂ ಇಲ್ಲದೆ ಸಾಗುತ್ತವೆ. ಸಂಜೆಯ ಮಳೆಯಲ್ಲಿ ಒಬ್ಬಳೇ ಮನೆಗೆ ಮರಳುತ್ತಿರುವ ಹುಡುಗಿಗೆ, ನಡುದಾರಿಯಲ್ಲಿ ಟ್ಯೂಬು ಕೈಕೊಟ್ಟರೆ ಸ್ಕೂಟರನ್ನು ತಳ್ಳುವುದಲ್ಲದೆ ಬೇರೆ ಉಪಾಯವಿಲ್ಲ. ಟ್ಯೂಬ್‌ಲೆಸ್ಸಿನಲ್ಲಿ ಮೊಳೆಯನ್ನು ಕೀಳದೆ ನಿಧಾನವಾಗಿ ಓಡಿಸಿಕೊಂಡು ಮನೆಯನ್ನೋ ಪೇಟೆಯನ್ನೋ ಸೇರುವ ಅವಕಾಶ ಬಹುಮಟ್ಟಿಗೆ ಇರುತ್ತದೆ. ಟ್ಯೂಬ್‌ಲೆಸ್ ಟಯರು ನಮಗೆ ಕೊಡುವ ನಿಜವಾದ ವಸ್ತು ಇದು: ಸಮಯ. ಅದು ಪಂಕ್ಚರನ್ನು ತಡೆಯುವುದಿಲ್ಲ. ಪಂಕ್ಚರು ಅಪಘಾತವಾಗುವುದನ್ನು ತಡೆಯುತ್ತದೆ.

ಯಾವ ಬಗೆಯ ಟಯರಾದರೂ ಓಡುತ್ತಿರುವಾಗಲೇ ಗಾಳಿ ಇಳಿದರೆ ಮಾಡಬೇಕಾದುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಬ್ರೇಕನ್ನು ಒಮ್ಮೆಲೇ ಅದುಮಬಾರದು. ಹ್ಯಾಂಡಲನ್ನು ಎರಡೂ ಕೈಗಳಿಂದ ನೇರವಾಗಿ ಹಿಡಿದು, ಆಕ್ಸಿಲರೇಟರನ್ನು ಮೆಲ್ಲಗೆ ಬಿಟ್ಟು, ವೇಗ ತಾನಾಗಿ ಕುಗ್ಗುವಂತೆ ಮಾಡಬೇಕು. ಕುಸಿದ ಗಾಲಿಯ ಬ್ರೇಕನ್ನು ಮುಟ್ಟದೆ, ಬೇಕೆನಿಸಿದರೆ ಗಾಳಿಯಿರುವ ಗಾಲಿಯ ಬ್ರೇಕನ್ನು ಹಗುರವಾಗಿ ಒತ್ತುತ್ತ ರಸ್ತೆಯ ಎಡಮಗ್ಗುಲಿಗೆ ಸರಿಯಬೇಕು. ಎರಡು ಬ್ರೇಕುಗಳೂ ಒಂದೇ ಹಿಡಿಯಿಂದ ಕೂಡಿ ನಡೆಯುವ ಸ್ಕೂಟರುಗಳಲ್ಲಿ ಆ ಹಿಡಿಯನ್ನು ಇನ್ನೂ ಹಗುರವಾಗಿ ಬಳಸಬೇಕು. ವಾಹನ ಕಲಿಸುವಾಗ ಮನೆಯ ಹಿರಿಯರು ಮಕ್ಕಳಿಗೆ ಇದನ್ನೂ ಒಂದು ಪಾಠವಾಗಿ ಹೇಳಿಕೊಡುವುದು ಯುಕ್ತ.

ನಿರ್ಣಯ ರಿಮ್ಮಿನದು

ಇಷ್ಟನ್ನು ಓದಿದ ಮೇಲೆ “ಹಾಗಾದರೆ ಎಲ್ಲರೂ ಟ್ಯೂಬ್‌ಲೆಸ್ಸನ್ನೇ ಹಾಕಿಸಿದರಾಯಿತಲ್ಲ!” ಎಂದು ವಾಚಕರು ಕೇಳಬಹುದು. ಆ ಸ್ವಾತಂತ್ರ್ಯ ನಮಗಿಲ್ಲ. ಟ್ಯೂಬಿದ್ದಲ್ಲಿ ಗಾಳಿಯನ್ನು ಟ್ಯೂಬೇ ಹಿಡಿಯುವುದರಿಂದ ರಿಮ್ಮಿನಲ್ಲಿ ಸಂದಿಯಿದ್ದರೂ ನಡೆಯುತ್ತದೆ. ಟ್ಯೂಬಿಲ್ಲದಲ್ಲಿ ಟಯರೂ ರಿಮ್ಮೂ ಸೇರಿಯೇ ಗಾಳಿಯ ಪಾತ್ರೆಯಾಗಬೇಕು. ಟಯರು ಮುಚ್ಚಳ, ರಿಮ್ಮು ತಳ. ತಳವೇ ಸೋರುವ ಪಾತ್ರೆಗೆ ಎಂಥ ಮುಚ್ಚಳ ಹಾಕಿದರೇನು?

ಹಳೆಯ ಚೇತಕ್ಕಿನ ರಿಮ್ಮನ್ನು ನೋಡಿದವರಿಗೆ ಈ ಮಾತು ಕೂಡಲೆ ಹೊಳೆದೀತು. 1972ರಲ್ಲಿ ಹೊರಬಂದು ಮೂರು ದಶಕಗಳಿಗೂ ಮಿಕ್ಕು ಮಧ್ಯಮವರ್ಗದ ಮನೆಗಳ ಹೆಮ್ಮೆಯಾಗಿದ್ದ ಆ ಸ್ಕೂಟರು ಇಟೆಲಿಯ ವೆಸ್ಪಾದ ಸಂತತಿ. 1946ರಲ್ಲಿ ವೆಸ್ಪಾವನ್ನು ರೂಪಿಸಿದ ಕೊರಾದೀನೊ ದಸ್ಕಾನಿಯೊ ವಿಮಾನಗಳ ಎಂಜಿನಿಯರು. ಮೋಟಾರು ಸೈಕಲ್ಲಿನ ಗಾಲಿ ಬಿಚ್ಚುವ ತಾಪತ್ರಯ ಅವನಿಗೆ ಹಿಡಿಸದ ಸಂಗತಿಗಳಲ್ಲಿ ಒಂದಾಗಿತ್ತು. ಆದ್ದರಿಂದ ವಿಮಾನದ ಗಾಲಿಯ ಹಾಗೆ ಒಂದೇ ಬದಿಯಿಂದ ಹಿಡಿದಿರುವ ಮುಂಗಾಲಿಯನ್ನು ಆತ ಇಟ್ಟ. ನಟ್ಟು ಬಿಚ್ಚಿದರೆ ಕಾರಿನ ಗಾಲಿಯಂತೆ ಅದು ಕೈಗೆ ಬರುತ್ತದೆ. ಸ್ಕೂಟರೆಂಬ ವಾಹನದ ಹುಟ್ಟಿನಲ್ಲಿಯೇ ಪಂಕ್ಚರಿನ ಚಿಂತೆಯಿತ್ತೆಂದಾಯಿತು. ನಮ್ಮ ಹಿರಿಯರು ಸ್ಕೂಟರಿನೊಂದಿಗೆ ಹೊತ್ತೊಯ್ಯುತ್ತಿದ್ದ ಸ್ಟೆಪ್ನಿಯ ಕಥೆಯೂ ಇಂಥದೇ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ತಯಾರಾದ ಹೆಚ್ಚುವರಿ ಗಾಲಿಗೆ ಆ ಬೀದಿಯ ಹೆಸರೇ ಬಿತ್ತು. ಆ ಹೆಸರು ನಮ್ಮ ದೇಶದಲ್ಲಿ ಉಳಿದುಬಂತು.

ಈ ಜಾತಿಯ ಸ್ಕೂಟರುಗಳ ರಿಮ್ಮು ಎರಡು ಹೋಳು. ತಟ್ಟೆಯಂಥ ಎರಡು ಉಕ್ಕಿನ ಹೋಳುಗಳನ್ನು ನಡುವೆ ನಟ್ಟು ಹಾಕಿ ಬಿಗಿದಿರುತ್ತಾರೆ. ಟ್ಯೂಬು ಬದಲಿಸುವುದಕ್ಕೆ ಇದರಷ್ಟು ಸುಲಭವಾದ ಏರ್ಪಾಡು ಇನ್ನೊಂದಿಲ್ಲ. ಆದರೆ ಎರಡು ಹೋಳುಗಳು ಕೂಡುವ ಸಂದಿಯಲ್ಲಿ ಗಾಳಿ ನಿಲ್ಲುವುದಿಲ್ಲ. ಈ ರಿಮ್ಮಿಗೆ ಟ್ಯೂಬನ್ನು ಬಿಟ್ಟು ಟಯರು ಹಾಕುವುದು ಸಾಧ್ಯವಿಲ್ಲ. ಸಂದಿಗೆ ಅಂಟು ಬಳಿದು ಹಾಕಿಕೊಡುವೆವೆಂದು ಯಾರಾದರೂ ಮುಂದೆ ಬಂದರೆ ಕೈಮುಗಿದು ಕಳುಹಿಸಬೇಕು. ಹಳೆಯ ವೆಸ್ಪಾಗಳಿಗೆಂದೇ ಒಂದೇ ತುಂಡಿನ ರಿಮ್ಮುಗಳನ್ನು ಮಾಡುವವರು ಯುರೋಪಿನಲ್ಲಿದ್ದಾರೆ. ಆ ದಾರಿ ಹವ್ಯಾಸಿಗಳಿಗೆ ಸರಿ. ಸಾಮಾನ್ಯ ಗೃಹಸ್ಥನಿಗೆ ಒಳ್ಳೆಯ ಟ್ಯೂಬು, ಒಳ್ಳೆಯ ಟಯರು, ಗಾಳಿ ತುಂಬಿದ ಸ್ಟೆಪ್ನಿ ಇಷ್ಟೇ ಸಾಕು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು: ಟ್ಯೂಬಿನ ಗಾಳಿಯನ್ನು ಪೂರ್ತಿ ಬಿಡದೆ ಈ ಎರಡು ಹೋಳುಗಳ ನಟ್ಟುಗಳನ್ನು ಎಂದಿಗೂ ಸಡಿಲಿಸಬಾರದು. ಒಳಗಿನ ಒತ್ತಡಕ್ಕೆ ಹೋಳು ಸಿಡಿದರೆ ಕೈಯನ್ನೋ ಮುಖವನ್ನೋ ಕಳೆದುಕೊಳ್ಳಬೇಕಾದೀತು.

ತಂತಿಕಡ್ಡಿಗಳ ಗಾಲಿಯದೂ ಇದೇ ಮಾತು. ತೆಂಗಿನಕಾಯಿ, ಹುಲ್ಲಿನ ಹೊರೆ, ಹಾಲಿನ ಕ್ಯಾನುಗಳನ್ನು ಹೊರುವ ಮೊಪೆಡ್ಡುಗಳ ಗಾಲಿಯಲ್ಲಿ ಪ್ರತಿಯೊಂದು ಕಡ್ಡಿಯೂ ರಿಮ್ಮನ್ನು ತೂತುಮಾಡಿಕೊಂಡು ಹೋಗಿರುತ್ತದೆ. ಆ ತೂತುಗಳಿರುವವರೆಗೆ ಟ್ಯೂಬು ಅನಿವಾರ್ಯ.

ಇತ್ತೀಚಿನ ಸ್ಕೂಟರುಗಳ ರಿಮ್ಮು ಒಂದೇ ತುಂಡಿನದು. ಅದು ಹೊಳೆಯುವ ಅಲಾಯ್ ಆಗಿರಬೇಕೆಂಬ ನಿಯಮವಿಲ್ಲ. ಉಕ್ಕಿನ ಹಾಳೆಯನ್ನು ಒತ್ತಿ ಮಾಡಿದ ಸಾದಾ ರಿಮ್ಮಿನ ಮೇಲೂ ಟ್ಯೂಬ್‌ಲೆಸ್ ಟಯರುಗಳು ಲಕ್ಷಗಟ್ಟಲೆ ಓಡುತ್ತಿವೆ. “ಅಲಾಯ್ ಇಲ್ಲ, ಆದ್ದರಿಂದ ಟ್ಯೂಬು ಹಾಕಲೇಬೇಕು” ಎಂಬ ಮಾತನ್ನು ನಂಬಬೇಕಾಗಿಲ್ಲ. ಅದೇ ಪ್ರಕಾರ, ಈಗ ಟ್ಯೂಬ್‌ಲೆಸ್ಸಿನಲ್ಲಿ ಬರುತ್ತಿರುವ ಹೆಸರಿನ ಸ್ಕೂಟರು ಹಿಂದೆಯೂ ಹಾಗೆಯೇ ಬರುತ್ತಿತ್ತೆಂದು ತಿಳಿಯಬೇಕಾಗಿಯೂ ಇಲ್ಲ. ಹೆಸರು ಒಂದೇ ಇದ್ದು ಒಳಗಿನದು ಬದಲಾದ ನಿದರ್ಶನಗಳು ಬೇಕಾದಷ್ಟಿವೆ. ಚೇತಕ್ಕೆಂಬ ಹೆಸರೇ 2020ರಲ್ಲಿ ವಿದ್ಯುತ್ ಸ್ಕೂಟರಾಗಿ ಮರಳಿ ಬಂದಾಗ ಅದರ ಗಾಲಿ ಹಿಂದಿನ ಎರಡು ಹೋಳಿನ ಗಾಲಿಯಾಗಿರಲಿಲ್ಲ. ಅದು ಟ್ಯೂಬ್‌ಲೆಸ್ ಟಯರು ಹೊತ್ತ ಅಲಾಯ್ ಗಾಲಿ.

ಆದ್ದರಿಂದ ಹಳೆಯ ಸ್ಕೂಟರು ಕೊಳ್ಳುವಾಗ ಟಯರಿನ ಬದಿಯನ್ನು ಓದಬೇಕು. ಅಲ್ಲಿ ಇಂಗ್ಲಿಷಿನಲ್ಲಿ ‘ಟ್ಯೂಬ್‌ಲೆಸ್’ ಎಂದೋ ‘ಟ್ಯೂಬ್ ಟೈಪ್’ ಎಂದೋ ಅಚ್ಚೊತ್ತಿರುತ್ತದೆ. ಹೊರಗೆ ‘ಟ್ಯೂಬ್‌ಲೆಸ್’ ಎಂದಿದ್ದರೂ ಒಳಗೆ ಟ್ಯೂಬು ತುರುಕಿರಬಹುದು. ವಾಲ್ವಿನ ಬುಡವನ್ನು ನೋಡಿದರೆ ಅದು ಬಯಲಾಗುತ್ತದೆ. ಟ್ಯೂಬ್‌ಲೆಸ್ಸಿನ ವಾಲ್ವು ರಿಮ್ಮಿನ ತೂತಿನಲ್ಲಿ ರಬ್ಬರಿನ ಬುಡವನ್ನು ಊರಿಕೊಂಡು ಭದ್ರವಾಗಿ ಕುಳಿತಿರುತ್ತದೆ. ಟ್ಯೂಬಿನ ವಾಲ್ವು ಸಾಮಾನ್ಯವಾಗಿ ತೂತಿನಿಂದ ಹೊರಗೆ ಇಣುಕಿರುತ್ತದೆ. ಗಾಳಿ ತೆಗೆದು ಒತ್ತಿದರೆ ಒಳಕ್ಕೆ ಸರಿಯುತ್ತದೆ. ಮಾರುವವರ ಒಪ್ಪಿಗೆ ಪಡೆದು, ಮೆಕ್ಯಾನಿಕನಿಂದ ಒಮ್ಮೆ ನೋಡಿಸಿಕೊಳ್ಳುವುದು ಮೇಲು.

ಉಪ್ಪುಗಾಳಿಯ ಊರಿನಲ್ಲಿ

ಟ್ಯೂಬ್‌ಲೆಸ್ ರಿಮ್ಮಿನೊಳಗೆ ಟ್ಯೂಬು ಏಕೆ ಬಂತು ಎಂಬ ಪ್ರಶ್ನೆಯಲ್ಲಿ ನಮ್ಮ ಕಡೆಯ ಒಂದು ರೋಗದ ಕಥೆಯಿದೆ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕಡಲ ಅಂಚಿನಲ್ಲಿ ಬೀಸುವ ಗಾಳಿಯಲ್ಲಿ ಉಪ್ಪಿದೆ. ಮಳೆಯೂ ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೆ ಮಿಕ್ಕು ಸುರಿಯುತ್ತದೆ. ಉಕ್ಕಿನ ರಿಮ್ಮಿನ ಬಣ್ಣ ಎಲ್ಲಿ ಎದ್ದಿತೋ ಅಲ್ಲಿ ತುಕ್ಕು ಹಿಡಿಯುತ್ತದೆ. ಟಯರಿನ ಅಂಚು ರಿಮ್ಮಿನ ಮೇಲೆ ಕೂರುವ ಓರೆಯಲ್ಲಿ ತುಕ್ಕಿನ ಹುಪ್ಪಳೆ ಎದ್ದರೆ ರಬ್ಬರಿಗೂ ಉಕ್ಕಿಗೂ ನಡುವೆ ಕೂದಲೆಳೆಯ ಸಂದಿಯಾಗುತ್ತದೆ. ಅಲ್ಲಿಂದ ಗಾಳಿ ಸೋರುತ್ತದೆ. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ಇಂಥ ರಿಮ್ಮನ್ನು ನೋಡಿಯೇ ಹುಟ್ಟಿತೇನೋ ಎನ್ನಿಸುತ್ತದೆ. ಗುಂಡಿಗೆ ಬಿದ್ದು ಅಂಚು ಬಾಗಿದ ರಿಮ್ಮಿನದೂ ಇದೇ ಪಾಡು.

ಆಗ ಅಗ್ಗದ ಪರಿಹಾರವಾಗಿ ಕೆಲವರು ಒಳಗೊಂದು ಟ್ಯೂಬು ತುರುಕಿ ಕಳುಹಿಸುತ್ತಾರೆ. ಸೋರುವುದು ನಿಲ್ಲುತ್ತದೆ; ಮನೆಯವರು ಸಮಾಧಾನ ಪಡುತ್ತಾರೆ. ಆದರೆ ಆ ಕ್ಷಣದಿಂದ ಸ್ಕೂಟರು ಟ್ಯೂಬಿನ ಸ್ಕೂಟರಾಯಿತೆಂಬುದನ್ನು ಅವರು ಅರಿತಿರುವುದಿಲ್ಲ. ಟ್ಯೂಬು ಒಳಮೈಗೆ ಉಜ್ಜಿ ಶಾಖ ಹೆಚ್ಚುತ್ತದೆ. ಮೊಳೆ ಹೊಕ್ಕರೆ ಗಾಳಿ ಥಟ್ಟನೆ ಇಳಿಯುತ್ತದೆ. ಟಯರಿನ ಬದಿಯಲ್ಲಿ ‘ಟ್ಯೂಬ್‌ಲೆಸ್’ ಎಂಬ ಬರಹ ಉಳಿದಿದೆ, ಅದರ ಅಭಯ ಉಳಿದಿಲ್ಲ. ಮಗಳ ಗಾಲಿ ಟ್ಯೂಬ್‌ಲೆಸ್ಸೆಂದು ನಂಬಿ ನೆಮ್ಮದಿಯಿಂದಿರುವ ಮನೆಗೆ ಇದು ಸಣ್ಣ ಮೋಸವಲ್ಲ. ತುರ್ತಿಗೆ ತಕ್ಕ ಅಳತೆಯ ಟ್ಯೂಬು ಹಾಕಿ ಮನೆ ಮುಟ್ಟಿದರೆ ತಪ್ಪಿಲ್ಲ. ಬಳಿಕ ತುಕ್ಕನ್ನು ಉಜ್ಜಿಸಿ ಬಣ್ಣ ಕೊಡಿಸುವುದೋ, ರಿಮ್ಮನ್ನೇ ಬದಲಿಸುವುದೋ ಆಗಲೇಬೇಕು. ಇನ್ನು ಇದಕ್ಕೆ ವಿರುದ್ಧವಾದ ಕೆಲಸವನ್ನು, ಅಂದರೆ ‘ಟ್ಯೂಬ್ ಟೈಪ್’ ಟಯರನ್ನು ಟ್ಯೂಬಿಲ್ಲದೆ ಓಡಿಸುವುದನ್ನು, ತುರ್ತಿಗೂ ಮಾಡಬಾರದು.

ಟ್ಯೂಬ್‌ಲೆಸ್ಸಿನ ಕುಂದುಗಳನ್ನು ಮರೆಮಾಚುವುದು ನ್ಯಾಯವಲ್ಲ. ಒಮ್ಮೆ ಟಯರಿನ ಅಂಚು ರಿಮ್ಮಿನಿಂದ ಕಳಚಿತೆಂದರೆ ಕೈಪಂಪಿನಿಂದ ಅದನ್ನು ಮರಳಿ ಕೂರಿಸುವುದು ಬಲು ಕಷ್ಟ. ಗಾಳಿಯನ್ನು ಭರದಿಂದ ನುಗ್ಗಿಸುವ ಕಂಪ್ರೆಸರು ಬೇಕು. ಟ್ಯೂಬಾದರೆ ಸೈಕಲ್ಲಂಗಡಿಯವನೂ ಬಿಚ್ಚಿ, ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ನೋಡಿ, ಉಪ್ಪುಕಾಗದ ಉಜ್ಜಿ ತೇಪೆ ಅಂಟಿಸಿಕೊಟ್ಟಾನು. ಹಳೆಯದಾದರೆ ಟ್ಯೂಬೊಂದನ್ನೇ ಬದಲಿಸಬಹುದು. ಅಂಚು ಬಾಗಿದ ರಿಮ್ಮಿನಲ್ಲೂ ಅದು ಹೇಗೋ ಕೆಲಸ ನಡೆಸುತ್ತದೆ. ಇವೆಲ್ಲ ಟ್ಯೂಬಿನ ನಿಜವಾದ ಗುಣಗಳು. ಟ್ಯೂಬ್‌ಲೆಸ್ಸಿನ ಇನ್ನೊಂದು ದೋಷ ಅದರ ಗುಣದಿಂದಲೇ ಹುಟ್ಟಿದ್ದು: ಮೊಳೆ ಹೊಕ್ಕಿದ್ದರೂ ಅದು ದೂರು ಹೇಳುವುದಿಲ್ಲ. ವಾರಗಟ್ಟಲೆ ಕಡಿಮೆ ಗಾಳಿಯಲ್ಲಿ ಓಡುತ್ತ, ಬದಿಗಳು ಮಡಚಿ ಮಡಚಿ ಕಾದು, ಒಳಗಿನ ನೂಲಿನ ಪದರಗಳು ಬಿಟ್ಟುಕೊಳ್ಳುತ್ತವೆ. ನೋಡುವ ಕಣ್ಣಿಲ್ಲದ ಮನೆಯಲ್ಲಿ ಟ್ಯೂಬ್‌ಲೆಸ್ಸೂ ಕೈಬಿಡುತ್ತದೆ.

ದುರಸ್ತಿಯ ಮಾತು

ಟ್ಯೂಬ್‌ಲೆಸ್ ಪಂಕ್ಚರಿಗೆ ಎರಡು ಬಗೆಯ ಚಿಕಿತ್ಸೆಯಿದೆ. ಗಾಲಿಯನ್ನು ಬಿಚ್ಚದೆ ಹೊರಗಿನಿಂದಲೇ ತೂತನ್ನು ಉಜ್ಜಿ ಸ್ವಚ್ಛಮಾಡಿ, ರಬ್ಬರು ಅಂಟು ಬಳಿದ ದಾರವನ್ನು ಸೂಜಿಯಿಂದ ತೂರಿಸುವುದು ಮೊದಲನೆಯದು. ಹತ್ತು ನಿಮಿಷದ ಕೆಲಸ. ಸಣ್ಣ ಮೊಳೆಯ ತೂತಿಗೆ ಚೆನ್ನಾಗಿಯೇ ನಿಲ್ಲುತ್ತದೆ. ಟಯರನ್ನು ಬಿಚ್ಚಿ ಒಳಗಿನಿಂದ ಅಣಬೆಯಾಕಾರದ ರಬ್ಬರಿನ ಬೆಣೆಯನ್ನು ಎಳೆದು ಅಂಟಿಸುವುದು ಎರಡನೆಯದು. ಖರ್ಚು ಹೆಚ್ಚು, ಬಾಳಿಕೆಯೂ ಹೆಚ್ಚು. ಒಳಗೆ ಮತ್ತೇನಾದರೂ ಹಾನಿಯಾಗಿದೆಯೇ ಎಂಬುದು ಕಣ್ಣಿಗೆ ಬೀಳುವುದೂ ಇದರಲ್ಲಿಯೇ. ದೂರ ಓಡುವ ಸ್ಕೂಟರಿಗೆ ಎರಡನೆಯದನ್ನೇ ಮಾಡಿಸುವುದು ಲೇಸು. ಯಾವ ಚಿಕಿತ್ಸೆಯಾದರೂ ನೆಲಕ್ಕೆ ತಾಗುವ ಮೈಗೆ ಮಾತ್ರ. ಟಯರಿನ ಬದಿಯಲ್ಲಿ ತೂತಾದರೆ ಅಥವಾ ಉದ್ದ ಸೀಳು ಬಿದ್ದರೆ ಟಯರು ಬದಲಿಸುವುದಲ್ಲದೆ ಬೇರೆ ಮಾರ್ಗವಿಲ್ಲ.

ಪಂಕ್ಚರನ್ನು ತಾನಾಗಿ ಮುಚ್ಚುವ ದ್ರವವನ್ನು ಟಯರಿನೊಳಗೆ ಸುರಿಸುವ ರೂಢಿಯೂ ಹಬ್ಬಿದೆ. ಸಣ್ಣ ತೂತಿಗೆ ಅದು ಉಪಕಾರಿಯೇ. ಆದರೆ ಕೆಲಕಾಲದ ಮೇಲೆ ಅದು ಒಣಗಿ ನಿಷ್ಪ್ರಯೋಜಕವಾಗುತ್ತದೆ. ಮೊಳೆ ಹೊಕ್ಕದ್ದನ್ನು ಇನ್ನಷ್ಟು ಮರೆಸುತ್ತದೆ. ಹಾಕಿಸಿದ್ದರೆ ಟಯರು ಬಿಚ್ಚುವವನಿಗೆ ಮೊದಲೇ ತಿಳಿಸಬೇಕು. ಕಂಡ ಮೊಳೆಯನ್ನು ದಾರಿಯಲ್ಲಿ ಕಿತ್ತೆಸೆಯುವ ಆತುರವನ್ನಂತೂ ತಡೆದುಕೊಳ್ಳಲೇಬೇಕು. ಬಾಟಲಿಯ ಬಿರಡೆಯನ್ನು ತೆಗೆದರೆ ಒಳಗಿನದು ಚೆಲ್ಲದಿದ್ದೀತೆ?

ನಮ್ಮ ಮಾಸಿಕವನ್ನು ತರಿಸಿಕೊಳ್ಳುವ ಜತ್ತ, ಅಕ್ಕಲಕೋಟೆ, ರಾಯದುರ್ಗಗಳ ಕಡೆಯ ಬಂಧುಗಳಿಗೆ ಮಳೆ, ತುಕ್ಕುಗಳ ಕಾಟ ನಮ್ಮಷ್ಟಿಲ್ಲ. ಅವರ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಹೊಲದ ಬೇಲಿ ಕಡಿದ ಹಾದಿಯಲ್ಲಿ ಒಂದೇ ಸಲಕ್ಕೆ ನಾಲ್ಕಾರು ಮುಳ್ಳು ನಾಟಿಕೊಳ್ಳುವ ಆ ಸೀಮೆಯಲ್ಲಿ ಟ್ಯೂಬು ಜಾಲರಿಯಾಗಿಬಿಡುತ್ತದೆ. ಅಲ್ಲಿ ದಪ್ಪ ರಬ್ಬರಿನ ಟ್ಯೂಬ್‌ಲೆಸ್ಸಿನ ಗುಣ ಇನ್ನೂ ಎದ್ದುಕಾಣುತ್ತದೆ. ಆದರೆ ಬಿಸಿಲಿನ ಝಳಕ್ಕೆ ರಬ್ಬರು ಬೇಗ ಬಿರಿಯುವುದೂ ಅಲ್ಲಿಯೇ. ನೀಲಗಿರಿಯವರು ಇಳಿಜಾರಿನ ಬ್ರೇಕನ್ನು ನೆನೆದು ಸವೆದ ಟಯರನ್ನು ಒಂದು ದಿನವೂ ಇಟ್ಟುಕೊಳ್ಳಬಾರದು. ಊರು ಬೇರೆಯಾದಂತೆ ಗಾಲಿಯ ಚಿಂತೆಯೂ ಬೇರೆಯಾಗುತ್ತದೆ.

ತಿಂಗಳಿಗೊಮ್ಮೆಯ ವ್ರತ

ಟ್ಯೂಬಿರಲಿ ಇಲ್ಲದಿರಲಿ, ಯಾವ ತೂತೂ ಇಲ್ಲದ ಟಯರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್‌ಐಗಳಷ್ಟು ಗಾಳಿ ತಾನಾಗಿ ಇಳಿಯುತ್ತದೆ. ಹತ್ತು ಇಂಚಿನ ಗಾಲಿಗಳ ಹಲವು ಸ್ಕೂಟರುಗಳಲ್ಲಿ ಮುಂದಕ್ಕೆ 22, ಹಿಂದಕ್ಕೆ ಒಬ್ಬರಿದ್ದರೆ 29, ಇಬ್ಬರಿದ್ದರೆ 36 ಪಿಎಸ್‌ಐ ಎಂಬ ಅಳತೆ ರೂಢಿಯಲ್ಲಿದೆ. ತಮ್ಮ ವಾಹನದ ಅಳತೆಯನ್ನು ಅದರೊಂದಿಗೆ ಬಂದ ಪುಸ್ತಿಕೆಯಲ್ಲಿ ನೋಡಿ ಗೋಡೆಯ ಪಂಚಾಂಗದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಬೇಕು. “ಗಟ್ಟಿಯಾಗಿದೆ, ಸಾಕು” ಎಂದು ಹೆಬ್ಬೆರಳಿನಿಂದ ಒತ್ತಿ ನೋಡುವುದು ಪರೀಕ್ಷೆಯಲ್ಲ. ಗಾಲಿ ತಣ್ಣಗಿರುವಾಗ ಮಾಪಕದಿಂದಲೇ ನೋಡಬೇಕು. ಪೆಟ್ರೋಲು ಬಂಕಿನಲ್ಲಿ ನೈಟ್ರೋಜನ್ ತುಂಬಿಸಿರೆಂದು ಒತ್ತಾಯಿಸಿದರೆ, ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇದೆಯೆಂಬುದನ್ನು ನೆನೆದರೆ ಸಾಕು.

ಹೊಸ ಟಯರು ಕೊಳ್ಳುವಾಗ ಬದಿಯ ಅಂಕೆಗಳನ್ನೂ ಓದಬೇಕು. 90/100-10 53 ಜೆ ಎಂದಿದ್ದರೆ ಅಗಲ 90 ಮಿಲಿಮೀಟರು, ಎತ್ತರ ಅಗಲದ ನೂರಕ್ಕೆ ನೂರು, ರಿಮ್ಮು 10 ಇಂಚು. 53 ಎಂಬ ಸಂಕೇತಕ್ಕೆ 206 ಕಿಲೋಗ್ರಾಂ ಭಾರ, ಜೆ ಎಂಬುದಕ್ಕೆ ಗಂಟೆಗೆ 100 ಕಿಲೋಮೀಟರು ವೇಗದ ಮಿತಿ. ಬದಿಯಲ್ಲಿಯೇ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕೆಗಳಿರುತ್ತವೆ. 2324 ಎಂದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕುಳಿತ ಟಯರು ಹೊಸದಾಗಿ ಕಂಡರೂ ಹೊಸದಲ್ಲ. ಟಯರಿನ ಜೊತೆಗೆ ವಾಲ್ವನ್ನೂ ಬದಲಿಸಬೇಕು. ಅದರ ರಬ್ಬರಿಗೂ ಮುಪ್ಪಿದೆ. ದ್ವಿಚಕ್ರ ವಾಹನದ ಟಯರಿನ ಗೀರಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಕೂಡದೆಂದು ಕೇಂದ್ರದ ಮೋಟಾರು ವಾಹನ ನಿಯಮ ಹೇಳುತ್ತದೆ. ನಮ್ಮ ಮಳೆಗೆ ಅಷ್ಟರವರೆಗೆ ಕಾಯದೆ, ಆಟಿಯ ಮೊದಲೇ ಬದಲಿಸುವುದು ಜಾಣತನ.

ಇನ್ನು ಮೊದಲು ಹೇಳಿದ ಎರಡು ಮನೆಗಳಿಗೆ ನಮ್ಮ ಅಭಿಪ್ರಾಯವನ್ನು ತಿಳಿಸಿ ಮುಗಿಸಬಹುದು. ಮಗಳಿಗಾಗಿ ಸ್ಕೂಟರು ಕೊಳ್ಳುವವರು ಒಂದೇ ತುಂಡಿನ ರಿಮ್ಮು, ಟ್ಯೂಬ್‌ಲೆಸ್ ಟಯರು ಇರುವುದನ್ನೇ ಆರಿಸಲಿ. ಒಳಗೆ ಟ್ಯೂಬು ತುರುಕಿಲ್ಲವೆಂದು ಖಚಿತಪಡಿಸಿಕೊಳ್ಳಲಿ. ರಿಮ್ಮಿನ ತುಕ್ಕಿಗೆ ತಕ್ಕಂತೆ ಬೆಲೆ ಇಳಿಸಿ ಕೇಳಲಿ. ತಂದೆಯ ಚೇತಕ್ಕನ್ನು ಇಟ್ಟುಕೊಂಡವರು ಅದನ್ನು ಅದು ಇದ್ದಂತೆಯೇ ಗೌರವಿಸಲಿ. ತೇಪೆಯ ಮೇಲೆ ತೇಪೆ ಹಚ್ಚಿದ ಟ್ಯೂಬನ್ನು ಎಸೆದು ಹೊಸದನ್ನು ಹಾಕಿಸಿ, ಸ್ಟೆಪ್ನಿಗೆ ಗಾಳಿ ತುಂಬಿಸಿ, ಊರೊಳಗೆ ಹಿತವಾದ ವೇಗದಲ್ಲಿ ಓಡಿಸಲಿ. ಹೆದ್ದಾರಿಯ ದೂರದ ಪಯಣಕ್ಕೆ ಅದನ್ನು ಎಳೆಯದಿರಲಿ. ಹೊಸ ಬಗೆ, ಹಳೆಯ ಬಗೆ ಎರಡಕ್ಕೂ ಅವುಗಳದೇ ಮರ್ಯಾದೆಯಿದೆ. ಒಂದರ ವೇಷವನ್ನು ಇನ್ನೊಂದಕ್ಕೆ ತೊಡಿಸಿದಾಗಲೇ ಕೆಡುಕು.

ಇಂದು ಸಂಜೆ ಸ್ಕೂಟರು ಅಂಗಳಕ್ಕೆ ಬಂದು ನಿಂತಾಗ ಮನೆಯ ಯಾರಾದರೊಬ್ಬರು, ಅದನ್ನು ಓಡಿಸದ ಅಜ್ಜಿಯೇ ಆಗಲಿ, ಟಾರ್ಚು ಹಿಡಿದು ಗಾಲಿಯನ್ನು ಒಂದು ಸುತ್ತು ತಿರುಗಿಸಿ ನೋಡಲಿ. ಮೊಳೆ ಕಂಡರೆ ಕೀಳದಿರಲಿ. ನಾಳೆ ಓಡಿಸುವವರಿಗೆ ಹೇಳಲಿ.